ಏರಿಯಾ ಡೈರೆಕ್ಟರ್ ಹೊಣೆ ಒಪ್ಪಿಸುವ ಹೊತ್ತಿನಲ್ಲಿ, ನಮ್ಮ ಕ್ಲಬ್‌ಗಳ ಬಂಧುಗಳಿಗೆ

ಆತ್ಮೀಯರೇ,

ಭಾಷಣಕಲೆಯ ಅಭ್ಯಾಸಕ್ಕೆಂದು ಕ್ಲಬ್‌ಗಳನ್ನು ನಡೆಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಕಾರ್ಯವರ್ಷ ಜೂನ್ 30ಕ್ಕೆ ಕೊನೆಗೊಳ್ಳುತ್ತದೆ. ಬೆಂಗಳೂರಿನ ನಮ್ಮ ಏರಿಯಾದ ಡೈರೆಕ್ಟರ್ ಆಗಿ ನಾನು ಹೊತ್ತಿದ್ದ ಹೊಣೆಯೂ ಅಂದೇ ಮುಗಿಯುತ್ತದೆ. ಈ ಒಂದು ವರ್ಷ ನನ್ನ ಜೊತೆ ನಿಂತವರಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಈ ಹುದ್ದೆಯಲ್ಲಿ ಸಂಬಳವೂ ಇಲ್ಲ, ಆಜ್ಞೆ ಮಾಡುವ ಅಧಿಕಾರವೂ ಇಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ಕ್ಲಬ್‌ಗಳು ಸೇರಿ ಒಂದು ಏರಿಯಾ ಆಗುತ್ತದೆ. ಪ್ರತಿ ಕ್ಲಬ್‌ಗೂ ವರ್ಷದಲ್ಲಿ ಎರಡು ಸುತ್ತು ಭೇಟಿ ಕೊಟ್ಟು, ಸಭೆ ಹೇಗೆ ನಡೆಯುತ್ತಿದೆ, ಹೊಸಬರಿಗೆ ಮಾರ್ಗದರ್ಶಕರು ಸಿಕ್ಕಿದ್ದಾರೆಯೇ, ಪದಾಧಿಕಾರಿಗಳಿಗೆ ಯಾವ ನೆರವು ಬೇಕಾಗಿದೆ ಎಂಬುದನ್ನು ನೋಡಿ ಸಂಸ್ಥೆಯ ಜಿಲ್ಲಾ ಸಮಿತಿಗೆ ವರದಿ ಸಲ್ಲಿಸುವುದು ಏರಿಯಾ ಡೈರೆಕ್ಟರ್‌ನ ಮುಖ್ಯ ಕೆಲಸ. ಕ್ಲಬ್ ನಡೆಸುವವರು ಅದರ ಚುನಾಯಿತ ಪದಾಧಿಕಾರಿಗಳೇ ಆದ್ದರಿಂದ, ಹೊರಗಿನಿಂದ ಬಂದವರು ಹೇಳಿದ್ದನ್ನು ಕೇಳಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಹಾಗಿದ್ದರೂ ನೀವು ನನ್ನನ್ನು ಒಳಗೆ ಕರೆದು, ನಿಮ್ಮ ಕೊರತೆಗಳನ್ನು ಮುಚ್ಚಿಡದೆ ಹೇಳಿಕೊಂಡಿರಿ. ಅಂಥ ಮಾತು ಬಾರದಿದ್ದರೆ ಭೇಟಿಯ ವರದಿ ಬರಿಯ ಕಾಗದವಾಗಿಯೇ ಉಳಿಯುತ್ತದೆ. ನನ್ನ ಮೊದಲ ಕೃತಜ್ಞತೆ ಆ ವಿಶ್ವಾಸಕ್ಕೆ.

ಮಾರ್ಚ್ ತಿಂಗಳನ್ನು ನಾನು ಮರೆಯಲಾರೆ. ಕ್ಲಬ್ ಊರ್ಜಿತವಾಗಿ ಉಳಿಯಬೇಕಾದರೆ ಕನಿಷ್ಠ ಎಂಟು ಮಂದಿ ಸದಸ್ಯರ ಶುಲ್ಕ ಸಂದಿರಬೇಕು. ಅವರಲ್ಲಿ ಮೂವರಾದರೂ ಹಿಂದಿನ ಅವಧಿಯಲ್ಲಿ ಸದಸ್ಯರಾಗಿದ್ದಿರಬೇಕು. ಏಪ್ರಿಲ್ 1ರ ಸದಸ್ಯತ್ವ ನವೀಕರಣ ಹತ್ತಿರವಾದಾಗ, ಒಂದು ಕಚೇರಿಯೊಳಗೆ ನಡೆಯುತ್ತಿದ್ದ ನಮ್ಮ ಏರಿಯಾದ ಕ್ಲಬ್ ಒಂದರಲ್ಲಿ ಆ ಸಂಖ್ಯೆಯೇ ತುಂಬುವ ಹಾಗಿರಲಿಲ್ಲ. ಕೆಲವರು ಕೆಲಸ ಬದಲಿಸಿದ್ದರು, ಕೆಲವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಉಳಿದವರಿಗೆ ಸಭೆಯ ಎಲ್ಲ ಪಾತ್ರಗಳನ್ನೂ ತಾವೇ ನಿರ್ವಹಿಸಿ ದಣಿವಾಗಿತ್ತು. ಆಗ ಆ ಕ್ಲಬ್‌ನ ಅಧ್ಯಕ್ಷೆ ದಿನದ ಕೆಲಸ ಮುಗಿದ ಮೇಲೆ ಹಳೆಯ ಸದಸ್ಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತನಾಡಿದರು. ನೆರೆಯ ಕ್ಲಬ್‌ಗಳ ನೀವು ಸರದಿ ಹಾಕಿಕೊಂಡು ಹೋಗಿ, ಸಮಯ ನೋಡುವ ಟೈಮರ್ ಆಗಿ, ವ್ಯಾಕರಣ ಗಮನಿಸುವವರಾಗಿ, ಮೌಲ್ಯಮಾಪಕರಾಗಿ ಆ ಸಭೆಗಳನ್ನು ತುಂಬಿದಿರಿ. ಕ್ಲಬ್ ಉಳಿಯಿತು. ಈ ವರ್ಷ ನಮ್ಮ ಏರಿಯಾಕ್ಕೆ ಸಂದ ಯಾವ ಮನ್ನಣೆಗಿಂತಲೂ ಇದೇ ದೊಡ್ಡದೆಂದು ನಾನು ನಂಬಿದ್ದೇನೆ.

ಏರಿಯಾ ಮಟ್ಟದ ಭಾಷಣ ಸ್ಪರ್ಧೆಯಲ್ಲಿ ದುಡಿದವರನ್ನೂ ನೆನೆಯಬೇಕು. ಗೆದ್ದವರ ಹೆಸರು ಎಲ್ಲರಿಗೂ ತಿಳಿಯುತ್ತದೆ. ತೀರ್ಪುಗಾರರ ಮತಪತ್ರಗಳನ್ನು ಎಣಿಸಿ, ಆಮೇಲೆ ಅವನ್ನು ನಾಶಪಡಿಸಿ, ಅಂಕಗಳ ಬಗ್ಗೆ ತುಟಿ ಬಿಚ್ಚದವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಐದರಿಂದ ಏಳು ನಿಮಿಷದ ಭಾಷಣ 7 ನಿಮಿಷ 30 ಸೆಕೆಂಡ್ ದಾಟಿದರೆ ಸ್ಪರ್ಧಿ ಅನರ್ಹರಾಗುತ್ತಾರೆ. ತಮ್ಮ ಆಪ್ತ ಗೆಳೆಯರ ಭಾಷಣ ಆ ಗೆರೆ ದಾಟಿದ್ದನ್ನು ಇದ್ದ ಹಾಗೆಯೇ ಬರೆದುಕೊಟ್ಟ ಟೈಮರ್‌ಗೆ, ಆ ನಿರ್ಣಯವನ್ನು ಗೌರವದಿಂದ ಒಪ್ಪಿಕೊಂಡ ಸ್ಪರ್ಧಿಗೆ, ಇಬ್ಬರಿಗೂ ನನ್ನ ನಮನಗಳು.

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದ ವೈಎಂಸಿಎಯಲ್ಲಿ (ಕ್ರೈಸ್ತ ಯುವಕರ ಸಂಘದಲ್ಲಿ) ರಾಲ್ಫ್ ಸ್ಮೆಡ್ಲಿ ಅವರು ಈ ಸಂಸ್ಥೆಯ ಮೊದಲ ಕ್ಲಬ್ ಆರಂಭಿಸಿದಾಗ ಅಲ್ಲಿ ಪಾಠ ಹೇಳುವ ಗುರುವೆಂದು ಒಬ್ಬರನ್ನು ಕೂರಿಸಲಿಲ್ಲ. ಸದಸ್ಯರೇ ಸರದಿಯಂತೆ ಮಾತನಾಡಿ, ಒಬ್ಬರ ಮಾತನ್ನು ಇನ್ನೊಬ್ಬರು ತೂಗಿ ನೋಡುವ ಕ್ರಮವಿತ್ತು. ನನಗೂ ನೀವೇ ಮೌಲ್ಯಮಾಪಕರಾದಿರಿ. ಭೇಟಿಗೆ ಬಂದಾಗ ನಾನು ಕಡಿಮೆ ಮಾತನಾಡಿ ಹೆಚ್ಚು ಕೇಳಿಸಿಕೊಂಡರೆ ಒಳ್ಳೆಯದೆಂದು ಹಿರಿಯ ಸದಸ್ಯರೊಬ್ಬರು ಸಭೆ ಮುಗಿದ ಮೇಲೆ ಮೆಲ್ಲಗೆ ಹೇಳಿದರು. ಎರಡನೆಯ ಸುತ್ತಿನ ಭೇಟಿಗಳೆಲ್ಲ ಆ ಮಾತಿನ ಮೇಲೆಯೇ ನಡೆದವು. ಅವರಿಗೆ ನಾನು ಋಣಿ.

ವಾರಾಂತ್ಯಗಳನ್ನು ನನಗೆ ಬಿಟ್ಟುಕೊಟ್ಟ ಮನೆಯವರಿಗೂ, ಕೇಳಿದಾಗಲೆಲ್ಲ ಸಲಹೆ ನೀಡಿದ, ಹಲವು ಏರಿಯಾಗಳ ಹೊಣೆ ಹೊತ್ತ ಡಿವಿಷನ್ ಡೈರೆಕ್ಟರ್ ಅವರಿಗೂ ಹೃತ್ಪೂರ್ವಕ ವಂದನೆಗಳು.

ಜುಲೈ 1ರಿಂದ ಹೊಣೆ ಹೊರಲಿರುವವರಿಗೆ ಎರಡೂ ಸುತ್ತಿನ ವರದಿಗಳನ್ನು ಒಪ್ಪಿಸಿದ್ದೇನೆ. ಅಕ್ಟೋಬರ್ 1ರ ನವೀಕರಣಕ್ಕೆ ಸಾಕಷ್ಟು ಮುಂಚೆಯೇ, ಮಾರ್ಚ್‌ನಲ್ಲಿ ನಾವೆಲ್ಲ ಸೇರಿ ಉಳಿಸಿಕೊಂಡ ಆ ಕ್ಲಬ್‌ಗೆ ಮೊದಲ ಭೇಟಿ ಕೊಡಬೇಕೆಂದು ಕೋರಿದ್ದೇನೆ, ಅವರು ಒಪ್ಪಿದ್ದಾರೆ. ನನ್ನೊಂದಿಗೆ ಹಂಚಿಕೊಂಡಷ್ಟೇ ಮುಕ್ತವಾಗಿ ಅವರೊಂದಿಗೂ ನಿಮ್ಮ ಕಷ್ಟಗಳನ್ನು ಹಂಚಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.