ನಿನ್ನ ಲ್ಯಾಬ್ ತಜ್ಞೆಗೆ ಅನುಮಾನ ಪಡಲು ಬಿಡು

ಪ್ರೀತಿಯ ತಂಗಿ,

ನಿನ್ನ ಪತ್ತೇದಾರಿ ಧಾರಾವಾಹಿಯ ಸ್ಕ್ರಿಪ್ಟ್ ಓದಿ ಮುಗಿಸಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. ಎಲ್ಲರೂ ವಾಪಸ್ ಕಳಿಸಿದರು, ಸೈನ್ಸ್ ಇನ್ನೂ ಜಾಸ್ತಿ ಬೇಕು ಅಂದರು, ನನಗೆ ಇದು ಆಗುವುದಿಲ್ಲ ಅನ್ನಿಸುತ್ತಿದೆ ಅಂತ ಬರೆದಿದ್ದೀಯ. ಆ ಕೊನೆಯ ಮಾತು ಓದಿ ಸಂಕಟವಾಯಿತು. ಎರಡನೇ ಕಂತಿನಲ್ಲಿ ಶವಾಗಾರದ ಹೊರಗೆ ಕೂತ ತಾಯಿ, ಮಗನ ಚಪ್ಪಲಿ ಎಲ್ಲಿ ಅಂತ ಪೇದೆಯನ್ನು ಕೇಳುತ್ತಾಳಲ್ಲ, ಅದನ್ನು ಬರೆದವಳು ಈ ಮಾತು ಆಡಬಾರದು. ಅದನ್ನು ಯಾರೂ ಕಲಿಸಿಕೊಡುವುದಕ್ಕೆ ಆಗುವುದಿಲ್ಲ.

ಒಂದು ದೃಶ್ಯ ಎಷ್ಟು ಪುಟ ಇರಬೇಕು, ಸಂಭಾಷಣೆ ಹೇಗೆ ಟೈಪ್ ಮಾಡಬೇಕು, ಯಾರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದು ಕಲಿಯುವುದಕ್ಕೆ ಒಂದು ವಾರ ಸಾಕು. ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮಾತಾಡಬೇಕಿರುವುದು ನಿನ್ನ ಫೊರೆನ್ಸಿಕ್ ಲ್ಯಾಬ್‌ನ ತಜ್ಞೆಯ ಬಗ್ಗೆ.

ಅವಳಿಗೆ ಎಲ್ಲವೂ ಗೊತ್ತು. ಶವದ ಪಕ್ಕ ಮಂಡಿಯೂರಿ, ಕೈ ಮುಟ್ಟಿ ನೋಡಿ, "ಸಾವು ರಾತ್ರಿ 11.40ಕ್ಕೆ" ಅನ್ನುತ್ತಾಳೆ. ಹಾಡಹಗಲಲ್ಲಿ, ರಕ್ತದ ಕಲೆ ಹುಡುಕುವ ಲ್ಯೂಮಿನಾಲ್ ಸಿಂಪಡಿಸಿ "ಇದು ಅವನದೇ ರಕ್ತ" ಅನ್ನುತ್ತಾಳೆ. ಒಂದು ಕೂದಲು ಸಿಕ್ಕರೆ ಆಳು ಸಿಕ್ಕಿದ ಹಾಗೆ. ಪರದೆಯ ಮೇಲೆ ಬೆರಳಚ್ಚುಗಳು ಸರಸರ ಓಡಿ ನಿಂತು, ಕೆಂಪು ಅಕ್ಷರದಲ್ಲಿ 'ಮ್ಯಾಚ್' ಅಂತ ಬರುತ್ತದೆ. ಒಂದು ಸಲವೂ ಅವಳು ತಡವರಿಸುವುದಿಲ್ಲ. ಬೇರೆ ಪಾತ್ರಗಳಿಗೆಲ್ಲ ಭಯ ಇದೆ, ಹಟ ಇದೆ, ಮರೆವು ಇದೆ. ಅವಳ ಹತ್ತಿರ ಬರೀ ಉತ್ತರಗಳಿವೆ.

ಸೈನ್ಸ್ ಜಾಸ್ತಿ ಮಾಡಿ ಅಂದವರ ಮಾತು ಕೇಳಿ ನೀನೀಗ ಇನ್ನಷ್ಟು ಯಂತ್ರಗಳ ಹೆಸರು ತುಂಬಲು ಹೊರಟಿದ್ದೀಯ. ದಯವಿಟ್ಟು ಬೇಡ. ಯಂತ್ರಗಳಿಗೆ ಅಲ್ಲಿ ಬರ ಇಲ್ಲ. ಬರ ಇರುವುದು ಪ್ರಾಮಾಣಿಕತೆಗೆ. ಕಟುವಾಗಿ ಹೇಳಿದೆ ಅಂತ ಗೊತ್ತು. ಪೂರ್ತಿ ಓದು, ಆಮೇಲೆ ಕೋಪ ಮಾಡಿಕೋ.

ಸಾವಿನ ಸಮಯವನ್ನೇ ತೆಗೆದುಕೋ. ಸತ್ತ ಮೇಲೆ ಮೈ ತಣ್ಣಗಾಗುತ್ತಾ ಹೋಗುತ್ತದೆ, ನಿಜ. ಎಷ್ಟು ಬೇಗ ಅನ್ನುವುದು ಮೈಯ ತೂಕ, ತೊಟ್ಟ ಬಟ್ಟೆ, ಗಾಳಿ, ಬಿದ್ದಿದ್ದ ನೆಲ, ನೀರಲ್ಲಿತ್ತಾ ಹೊರಗಿತ್ತಾ, ಇಷ್ಟೆಲ್ಲದರ ಮೇಲೆ ನಿಂತಿದೆ. ಕೈ ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೈಯೊಳಗಿನ ಉಷ್ಣತೆ ಅಳೆಯಬೇಕು, ಹೊರಗಿನದನ್ನೂ ಅಳೆಯಬೇಕು, ತೂಕ ಸೇರಿಸಿ ಲೆಕ್ಕ ಹಾಕಬೇಕು. ಈ ಲೆಕ್ಕಕ್ಕೆ ಜರ್ಮನಿಯ ಹೆನ್ಸ್‌ಗೆ ಅನ್ನುವ ತಜ್ಞರು ಮಾಡಿಕೊಟ್ಟ ನೋಮೋಗ್ರಾಮ್, ಅಂದರೆ ಗೆರೆ ಎಳೆದು ಉತ್ತರ ಓದುವ ನಕ್ಷೆ, ಹೆಸರುವಾಸಿ. ಎಲ್ಲ ಅನುಕೂಲವಾಗಿದ್ದಾಗಲೂ ಅದರ ಉತ್ತರಕ್ಕೆ ಹಿಂದೆ 2.8 ಗಂಟೆ, ಮುಂದೆ 2.8 ಗಂಟೆ ಸೇರಿಸಿಕೊಳ್ಳಬೇಕು. ಹೆಣ ಸೆಟೆಯುವುದನ್ನು ನೋಡಿ ಹೇಳುವುದು ಇನ್ನೂ ಒರಟು ಅಂದಾಜು. ಸಾಮಾನ್ಯವಾಗಿ 2ರಿಂದ 4 ಗಂಟೆಯಲ್ಲಿ ದವಡೆ, ಕುತ್ತಿಗೆ ಬಿಗಿಯುತ್ತವೆ. ಸುಮಾರು 12 ಗಂಟೆಗೆ ಇಡೀ ಮೈ ಸೆಟೆದಿರುತ್ತದೆ. ಸೆಖೆಯಲ್ಲಿ ಬೇಗ, ಚಳಿಯಲ್ಲಿ ನಿಧಾನ.

ಈಗ ನಿನ್ನ ಕಥೆಗೆ ಬಾ. ಆರೋಪಿ ರಾತ್ರಿ 11ರ ತನಕ ಬೇರೆ ಕಡೆ ಇದ್ದ ಅನ್ನುವುದಕ್ಕೆ ಸಾಕ್ಷಿ ಇದೆ. 11.40 ಅಂದುಬಿಟ್ಟರೆ ಅವನು ಸಿಕ್ಕಿಬಿದ್ದ, ಮುಗಿಯಿತು. ಅದರ ಬದಲು ಅವಳು "ಒಂಬತ್ತರಿಂದ ಎರಡೂವರೆ ಒಳಗೆ, ಇದಕ್ಕಿಂತ ಕಿರಿದು ಮಾಡೋಕೆ ನನ್ನಿಂದ ಆಗಲ್ಲ ಸಾರ್" ಅಂದರೆ? ಇನ್‌ಸ್ಪೆಕ್ಟರ್ ಏನು ಮಾಡುತ್ತಾನೆ? ಗದರಿಸುತ್ತಾನಾ, ಗೋಗರೆಯುತ್ತಾನಾ? ಅವಳು ಮಣಿಯುತ್ತಾಳಾ? ನಿನ್ನ ನಾಲ್ಕನೇ ಕಂತು ಅಲ್ಲೇ ಇತ್ತು. ನೀನು ನೋಡದೆ ದಾಟಿ ಹೋದೆ.

ಲ್ಯೂಮಿನಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದಕ್ಕೆ ಕತ್ತಲು ಬೇಕು. ನೀಲಿ ಹೊಳಪು ಅರ್ಧ ನಿಮಿಷದಷ್ಟು ಇರುತ್ತದೆ, ಅಷ್ಟರಲ್ಲಿ ಫೋಟೋ ತೆಗೆಯಬೇಕು. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಆ ಹೊಳಪು ಬರಿಸುತ್ತದೆ. ಬ್ಲೀಚ್ ಕೂಡ ಬರಿಸುತ್ತದೆ, ತಾಮ್ರವೂ ಬರಿಸುತ್ತದೆ. ಇಲ್ಲಿ ರಕ್ತ ಇರಬಹುದು, ನೋಡಿ ಅಂತ ಜಾಗ ತೋರಿಸುವುದಷ್ಟೇ ಅದರ ಕೆಲಸ. ಮನುಷ್ಯರದಾ, ಯಾರದು ಅನ್ನುವುದಕ್ಕೆ ಬೇರೆ ಪರೀಕ್ಷೆ ಆಗಬೇಕು. ಯಾವತ್ತು ಬಿದ್ದದ್ದು ಅನ್ನುವುದನ್ನು ಎಷ್ಟೋ ಸಲ ಹೇಳುವುದಕ್ಕೇ ಆಗುವುದಿಲ್ಲ.

ಇಲ್ಲಿ ನನ್ನ ಹಳೆಯ ಸಿಟ್ಟೊಂದನ್ನು ಹೇಳಲೇಬೇಕು. ಒಂದು ಕಾಲದಲ್ಲಿ ನಾನೂ ಒಂದು ಪತ್ತೇದಾರಿ ಧಾರಾವಾಹಿಗೆ ಬರೆಯುತ್ತಿದ್ದೆ. ನನ್ನ ಕಥೆಯ ಲ್ಯಾಬ್ ಅಧಿಕಾರಿ ಕಟಕಟೆಯಲ್ಲಿ ನಿಂತು, "ರಕ್ತ ಇವನದೇ. ಅದು ಅಲ್ಲಿಗೆ ಯಾವಾಗ ಬಂತು, ಹೇಗೆ ಬಂತು ಅಂತ ನಾನು ಹೇಳಲಾರೆ" ಅನ್ನುತ್ತಾನೆ. ಆ ಸಾಲಿಗೋಸ್ಕರವೇ ಇಡೀ ಕಥೆ ಕಟ್ಟಿದ್ದೆ. ನಿರ್ಮಾಪಕರ ಕಡೆಯವರು ಎರಡನೇ ವಾಕ್ಯ ಹೊಡೆದುಹಾಕಿದರು. ತಜ್ಞನೇ ಗೊತ್ತಿಲ್ಲ ಅಂದರೆ ಅವನು ಯಾಕೆ ಬೇಕು ಅಂತ ಕೇಳಿದರು. ಪ್ರಸಾರ ಆದಾಗ ಆ ನಟ ಬೆರಳು ತೋರಿಸಿ "ಕೊಲೆಗಾರ ಇವನೇ" ಅಂದ. ಕೆಳಗೆ ನನ್ನ ಹೆಸರು. ಜನ ಮೆಚ್ಚಿಕೊಂಡರು, ಫೋನ್ ಮಾಡಿ ಹೊಗಳಿದರು. ಆ ಹೊಗಳಿಕೆ ಇವತ್ತಿಗೂ ನನಗೆ ಕಹಿಯೇ. ನಿನಗೆ ಸೈನ್ಸ್ ಜಾಸ್ತಿ ಮಾಡು ಅಂದವರೂ ಅದೇ ಬೆರಳನ್ನು ಕೇಳುತ್ತಿದ್ದಾರೆ.

ಟೀವಿಯಲ್ಲಿ ತಾನೇ, ಯಾರಿಗೇನು ನಷ್ಟ ಅಂತ ನೀನು ಕೇಳಬಹುದು. ನಿಜವಾದ ನ್ಯಾಯಾಲಯದಲ್ಲಿ ತಜ್ಞರು ನಿನ್ನ ಪಾತ್ರದ ಹಾಗೇ ಮಾತಾಡಿದಾಗ ಏನಾಯಿತು ಅಂತ ಕೇಳು. ಸೂಕ್ಷ್ಮದರ್ಶಕದಲ್ಲಿ ಕೂದಲು ಹೋಲಿಸಿ ಕೊಟ್ಟ ಹಳೆಯ ಸಾಕ್ಷ್ಯಗಳನ್ನು ಅಮೆರಿಕದ ಎಫ್‌ಬಿಐ ಮತ್ತೆ ತೆರೆದು ನೋಡಿತು. 2015ರ ಹೊತ್ತಿಗೆ, ಆರೋಪಿಗಳ ವಿರುದ್ಧ ಇಂಥ ಸಾಕ್ಷ್ಯ ಬಳಸಿದ್ದ 268 ವಿಚಾರಣೆಗಳನ್ನು ಪರಿಶೀಲಿಸಿದ್ದರು. 257ರಲ್ಲಿ ತಜ್ಞರು ವಿಜ್ಞಾನ ಒಪ್ಪದ ಮಾತು ಹೇಳಿದ್ದರು. ಅವುಗಳಲ್ಲಿ ಮರಣದಂಡನೆಯ ಕೇಸುಗಳೂ ಇದ್ದವು. ಎರಡು ಕೂದಲು ನೋಡಲು ಒಂದೇ ಥರ ಇವೆ ಅನ್ನಬಹುದು. ಇನ್ನೆಷ್ಟು ಜನರ ಕೂದಲು ಹಾಗೇ ಕಾಣುತ್ತದೆ ಅನ್ನುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಅಷ್ಟನ್ನು ಹೇಳಿ ಸುಮ್ಮನಾಗುವ ಬದಲು ಅವರು ಮುಂದಕ್ಕೆ ಹೋದರು.

ಬೆರಳಚ್ಚಿನ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಿನ್ನ ಕಥೆಗೆ ಬೇಕಾದ ಅಸಲು ವಸ್ತು ಇಲ್ಲಿದೆ. ಕಂಪ್ಯೂಟರ್ ಒಂದೇ ಹೆಸರು ಹೇಳಿ ಮುಗಿಸುವುದಿಲ್ಲ. ಹತ್ತಿರ ಹತ್ತಿರ ಹೋಲುವ ಅಚ್ಚುಗಳ ಪಟ್ಟಿ ಕೊಡುತ್ತದೆ. ಆಮೇಲೆ ಒಬ್ಬ ಮನುಷ್ಯ ಕೂತು, ಗೆರೆ ಗೆರೆ ಹೋಲಿಸಿ, ತೀರ್ಮಾನ ಮಾಡಬೇಕು. 2004ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿಯಿತು. ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಒಂದು ಬೆರಳಚ್ಚು ಸಿಕ್ಕಿತು. ಅದು ಅಮೆರಿಕದ ಒಬ್ಬ ವಕೀಲರದ್ದು ಅಂತ ಎಫ್‌ಬಿಐ ಹೇಳಿತು. ಒಬ್ಬ ತಜ್ಞ ಹೇಳಿದ್ದನ್ನು ಉಳಿದವರೂ ಒಪ್ಪಿದರು. ಆ ವಕೀಲರ ಪರವಾಗಿ ಕೋರ್ಟ್ ನೇಮಿಸಿದ ತಜ್ಞರೂ ಒಪ್ಪಿದರು. ಸ್ಪೇನ್ ಪೊಲೀಸರು ಮಾತ್ರ ಒಪ್ಪಲಿಲ್ಲ. ಕೊನೆಗೆ ಆ ಅಚ್ಚು ಅಲ್ಜೀರಿಯಾದ ಒಬ್ಬನದ್ದು ಅಂತ ಅವರೇ ಪತ್ತೆ ಮಾಡಿದರು. ಅಷ್ಟರಲ್ಲಿ ಆ ವಕೀಲರು ಸುಮಾರು ಎರಡು ವಾರ ಬಂಧನದಲ್ಲಿದ್ದರು.

ಇದರ ಮುಂದಿನ ಭಾಗ ಇನ್ನೂ ಗಮನವಿಟ್ಟು ಓದು. ಇಟೀಲ್ ಡ್ರೋರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಐವರು ಅನುಭವಿ ತಜ್ಞರಿಗೆ ತಲಾ ಒಂದು ಜೋಡಿ ಬೆರಳಚ್ಚು ಕೊಟ್ಟು, ಇದು ಮ್ಯಾಡ್ರಿಡ್ ಕೇಸಿನಲ್ಲಿ ತಪ್ಪಾಗಿ ಹೊಂದಿಸಿದ ಜೋಡಿ ಅಂತ ಹೇಳಿದರು. ಅಸಲಿಗೆ ಅದು ಆ ತಜ್ಞರೇ ವರ್ಷಗಳ ಹಿಂದೆ ನಿಜವಾದ ಕೇಸಿನಲ್ಲಿ ನೋಡಿ, ಎರಡೂ ಒಬ್ಬನದೇ ಅಂತ ಬರೆದುಕೊಟ್ಟಿದ್ದ ಜೋಡಿ. ಈ ಸಲ ಮೂವರು ಬೇರೆ ಬೇರೆಯವರದು ಅಂದರು. ಒಬ್ಬರು ಹೇಳಲಾಗದು ಅಂದರು. ಒಬ್ಬರು ಮಾತ್ರ ತಮ್ಮ ಹಳೆಯ ಮಾತಿಗೇ ನಿಂತರು. ಅಚ್ಚು ಅದೇ, ಕಣ್ಣು ಅದೇ. ಬದಲಾದದ್ದು ಕಿವಿಗೆ ಬಿದ್ದ ಮಾತು.

ಈಗ ಹೇಳು, ನಿನ್ನ ಇನ್‌ಸ್ಪೆಕ್ಟರ್ ಮೂರನೇ ಕಂತಿನಲ್ಲಿ ಲ್ಯಾಬ್‌ಗೆ ಬಂದು "ಇವನು ಒಪ್ಪಿಕೊಂಡಾಗಿದೆ ಮೇಡಂ, ನಿಮ್ಮ ರಿಪೋರ್ಟ್ ಒಂದು ಬಾಕಿ" ಅನ್ನುತ್ತಾನಲ್ಲ, ಆ ಸಾಲನ್ನು ನೀನು ಸುಮ್ನೆ ಬರೆದೆ. ಅದು ನಿನ್ನ ಇಡೀ ಕಥೆಯ ಅತಿ ಅಪಾಯದ ಸಾಲು. ಅವನು ಅವಳ ಕಣ್ಣಿಗೆ ಬಣ್ಣ ಬಳಿಯುತ್ತಿದ್ದಾನೆ. ಅವಳಿಗೆ ಅದು ಗೊತ್ತಾಗುತ್ತದಾ? ಗೊತ್ತಾದರೆ ಹೊರಗೆ ಕಳಿಸುತ್ತಾಳಾ? ಗೊತ್ತಾಗದಿದ್ದರೆ ಏನಾಗುತ್ತದೆ? ನನಗೆ ನಿದ್ದೆ ಕೆಡಿಸುವಂಥ ಪ್ರಶ್ನೆಗಳಿವು. ನೀನು ಆ ಸಾಲಿನ ಕೆಳಗೇ ಹಿನ್ನೆಲೆ ಸಂಗೀತ ಅಂತ ಬರೆದು ಮುಂದಕ್ಕೆ ಹೋಗಿದ್ದೀಯ!

ಡಿಎನ್‌ಎ ಮೇಲೆ ನಿನಗೆ ಬಹಳ ಭರವಸೆ. ನನಗೂ ಇದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರ ವರದಿಯಲ್ಲಿ ಲ್ಯಾಬ್ ವಿಧಾನಗಳನ್ನೆಲ್ಲ ಜಾಲಾಡಿದಾಗ, ಒಂದು ಗುರುತನ್ನು ಒಬ್ಬನೇ ವ್ಯಕ್ತಿಗೆ ಕಟ್ಟಿಹಾಕುವುದರಲ್ಲಿ ಗಟ್ಟಿಯಾಗಿ ಸಾಬೀತಾಗಿರುವುದು ಡಿಎನ್‌ಎ ಒಂದೇ ಅಂತ ಹೇಳಿತು. ಆದರೂ ಅದು ಯಾರದು ಅಂತ ಹೇಳುತ್ತದೆ, ಹೇಗೆ ಬಂತು ಅಂತ ಹೇಳುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದ ವ್ಯಕ್ತಿಯ ಉಗುರಿನಲ್ಲಿ ಒಬ್ಬನ ಡಿಎನ್‌ಎ ಸಿಕ್ಕಿತು. ಅವನನ್ನು ಹಿಡಿದು ಜೈಲಿಗೆ ಹಾಕಿದರು. ಕೊಲೆಯ ಹೊತ್ತಿಗೆ ಅವನು ವಿಪರೀತ ಕುಡಿದು ಆಸ್ಪತ್ರೆಯಲ್ಲಿ ಮಲಗಿದ್ದ ಅಂತ ಗೊತ್ತಾಗುವುದಕ್ಕೆ ತಿಂಗಳುಗಳೇ ಬೇಕಾದವು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆ ಬಿಟ್ಟು ಕೊಲೆ ನಡೆದ ಮನೆಗೂ ಹೋಗಿದ್ದರು. ಪಾಪ, ಅವರ ಕೈಯಿಂದಲೋ ಉಪಕರಣದಿಂದಲೋ ಅದು ದಾಟಿರಬೇಕು.

ಡಿಎನ್‌ಎ ಬಳಸಿದ ಮೊದಲ ಕೊಲೆ ಕೇಸಿನ ಕಥೆ ನಿನಗೆ ಗೊತ್ತಾ? ಡಿಎನ್‌ಎ ಗುರುತಿನ ವಿಧಾನವನ್ನು 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಕಂಡುಹಿಡಿದರು. ಅಲ್ಲೇ ಹತ್ತಿರ ಇಬ್ಬರು ಹುಡುಗಿಯರ ಕೊಲೆಯಾಗಿತ್ತು, ಒಂದು 1983ರಲ್ಲಿ, ಇನ್ನೊಂದು 1986ರಲ್ಲಿ. 17 ವರ್ಷದ ಹುಡುಗನೊಬ್ಬ ಎರಡನೇ ಕೊಲೆ ಒಪ್ಪಿಕೊಂಡಿದ್ದ. ಮೊದಲನೆಯದೂ ಅವನದೇ ಅಂತ ಗಟ್ಟಿ ಮಾಡಿಕೊಳ್ಳಲು ಪೊಲೀಸರು ಜೆಫ್ರೀಸ್ ಹತ್ತಿರ ಹೋದರು. ಎರಡೂ ಒಬ್ಬನದೇ ಕೆಲಸ, ಆದರೆ ಆ ಒಬ್ಬ ಈ ಹುಡುಗ ಅಲ್ಲ ಅಂತ ಬಂತು. ಹಾಗೆ ಕೊಲೆ ಕೇಸಿನಲ್ಲಿ ಆ ಪರೀಕ್ಷೆ ಮೊದಲು ಮಾಡಿದ ಕೆಲಸ ಒಂದು ತಪ್ಪೊಪ್ಪಿಗೆಯನ್ನು ಸುಳ್ಳು ಮಾಡಿ ಒಬ್ಬ ಹುಡುಗನನ್ನು ಮನೆಗೆ ಕಳಿಸಿದ್ದು. ಆಮೇಲೆ ಸುತ್ತಲಿನ 5,000ಕ್ಕೂ ಹೆಚ್ಚು ಗಂಡಸರಿಂದ ರಕ್ತ, ಎಂಜಲು ಪಡೆದು ನೋಡಿದರು. ಯಾರೂ ಸಿಗಲಿಲ್ಲ. ಕೊಲೆಗಾರ ತನ್ನ ಹೆಸರಲ್ಲಿ ಜೊತೆ ಕೆಲಸಗಾರನನ್ನು ಕಳಿಸಿದ್ದ. ಆ ಜೊತೆಗಾರ ಪಬ್ಬಿನಲ್ಲಿ ಬಾಯಿಬಿಟ್ಟ, ಮಾತು ಪೊಲೀಸರ ತನಕ ಹೋಯಿತು, 1987ರಲ್ಲಿ ಅಸಲಿ ಆಳು ಸಿಕ್ಕ. ಲ್ಯಾಬ್ ಅದರ ಪಾಲಿನ ಕೆಲಸ ಮಾಡಿತು, ಉಳಿದದ್ದನ್ನು ಮನುಷ್ಯರ ಬಾಯಿ ಮಾಡಿತು.

ನೋಡುವವರಿಗೆ ಉತ್ತರ ಬೇಕಲ್ಲ ಅಂತ ನಿನಗೆ ವಾಪಸ್ ಬರೆದವರು ಹೇಳಿದ್ದಾರೆ. ಬೇಕು, ಕೊಡು. ಕೊಲೆಗಾರ ಯಾರು ಅಂತ ಕೊನೆಗೆ ಹೇಳು. ಆದರೆ ಆ ಉತ್ತರವನ್ನು ಜನರಿಂದ ತೆಗೆ. ಯಾರೋ ಸುಳ್ಳು ಹೇಳಿ ಸಾಕಾಗಿ ನಿಜ ಹೇಳುತ್ತಾರೆ, ಯಾರೋ ನೋಡಿದ್ದನ್ನು ತಡವಾಗಿ ಬಂದು ಹೇಳುತ್ತಾರೆ. ಇಂಥದನ್ನು ನೀನು ಚೆನ್ನಾಗಿ ಬರೆಯುತ್ತೀಯ. ಅದು ಬಿಟ್ಟು ಅವರು ಹೇಳಿದರು ಅಂತ ಮೆಷಿನ್ ಹಿಂದೆ ಓಡುತ್ತೀಯ. ಅದಕ್ಕೇ ನನಗೆ ಬೇಜಾರು.

ಒಬ್ಬ ಲ್ಯಾಬ್ ವಿಜ್ಞಾನಿಯನ್ನು ಹುಡುಕಿ ಮಾತಾಡಿಸು. ಯಂತ್ರಗಳ ಬಗ್ಗೆ ಕೇಳಬೇಡ. ಕೋರ್ಟಿನಲ್ಲಿ ವಕೀಲರು "ಹೌದೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿ" ಅಂದಾಗ ಏನು ಮಾಡುತ್ತೀರಿ ಅಂತ ಕೇಳು. ಉತ್ತರ ಹೇಳುವಾಗ ಅವರ ಮುಖ ನೋಡು. ಬಂದು ನಾಲ್ಕನೇ ಕಂತು ಮತ್ತೆ ಬರೆ. 11.40 ತೆಗೆದುಹಾಕು. ಮಿಕ್ಕ ಕಂತುಗಳನ್ನು ಈಗ ಮುಟ್ಟಬೇಡ, ತಾಯಿಯ ದೃಶ್ಯವನ್ನಂತೂ ಯಾರು ಹೇಳಿದರೂ ಮುಟ್ಟಬೇಡ. ಆ ಒಂದು ಕಂತನ್ನು ಮೊದಲು ನನಗೆ ಕಳಿಸು, ಬೇರೆಯವರಿಗೆ ಕಳಿಸುವ ಮಾತು ಆಮೇಲೆ ಆಡೋಣ.

ಪ್ರೀತಿಯಿಂದ,
ನಿನ್ನ ಅಣ್ಣ