ಮರಳಿನ ಇಳಿಜಾರಿನಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಮೆರಿಕದ ಒರೆಗಾನ್ ಕರಾವಳಿಯ ಮರಳ ದಿಬ್ಬಗಳಲ್ಲಿ ಸ್ಯಾಂಡ್‌ಬೋರ್ಡಿಂಗ್, ಅಂದರೆ ಹಲಗೆಯ ಮೇಲೆ ನಿಂತು ಮರಳಿನ ಇಳಿಜಾರಿನಲ್ಲಿ ಜಾರುವ ಆಟ, ಹೇಗಿರುತ್ತದೆ ಎಂದು ಕೇಳಿದ್ದೀಯ. ಜಾರುವುದು ಕೆಲವೇ ಕ್ಷಣಗಳ ಮಾತು. ದಿನದ ಬಹುಪಾಲು ಕಳೆಯುವುದು ಹತ್ತುವುದರಲ್ಲಿ, ಮತ್ತು ಎಲ್ಲಿಂದ ಜಾರಬೇಕು ಎಂದು ಮರಳನ್ನು ನೋಡುವುದರಲ್ಲಿ. ಹಿಮದ ಗುಡ್ಡಗಳಲ್ಲಿರುವಂತೆ ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳು ಇಲ್ಲಿಲ್ಲ.

ನನ್ನನ್ನು ಈ ವರ್ಷ ಮನೆಯಲ್ಲಿರಿಸಿಕೊಂಡಿರುವ ಕುಟುಂಬದ ಹಿರಿಯ ಮಗ ನನ್ನನ್ನು ಫ್ಲಾರೆನ್ಸ್ ಊರಿನ ದಕ್ಷಿಣಕ್ಕಿರುವ ಹನಿಮನ್ ಉದ್ಯಾನಕ್ಕೆ ಕರೆದೊಯ್ದಿದ್ದ. ಅಲ್ಲಿ ಒಂದು ದೊಡ್ಡ ದಿಬ್ಬ ನೇರವಾಗಿ ಕ್ಲೀವಾಕ್ಸ್ ಸರೋವರದ ಅಂಚಿಗೆ ಇಳಿಯುತ್ತದೆ. ಆ ದಿಬ್ಬವನ್ನು ದಾಟಿದರೆ ಕಡಲಿನ ಕಡೆಗೆ ಹರಡಿದ ಮರಳು. ಫ್ಲಾರೆನ್ಸಿನಿಂದ ಕೂಸ್ ಬೇವರೆಗೆ ಸುಮಾರು 64 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ದಿಬ್ಬಗಳನ್ನು 1972ರಲ್ಲಿ ರಾಷ್ಟ್ರೀಯ ವಿಹಾರ ಪ್ರದೇಶವೆಂದು ಘೋಷಿಸಲಾಯಿತು. ಹತ್ತಿರದ ಪರ್ವತಸಾಲಿನ ಮರಳುಗಲ್ಲು ಸವೆದು, ನದಿಗಳ ಮೂಲಕ ಕಡಲು ಸೇರಿ, ಅಲೆ ಮತ್ತು ಗಾಳಿಯ ಬಲದಿಂದ ಮತ್ತೆ ನೆಲಕ್ಕೆ ಬಂದು ರಾಶಿಯಾದದ್ದು ಈ ಮರಳು.

ನಾವು ತಲುಪಿದಾಗ ಮಂಜು ಇನ್ನೂ ಕರಗಿರಲಿಲ್ಲ. ಹಲಗೆಯನ್ನು ಕೆಳಗಿಳಿಸುವ ಮುನ್ನ ಅವನು ಮಂಡಿಯೂರಿ, ಮೊಣಕೈಯವರೆಗೆ ಕೈ ಹೂತು, ಒಂದು ಹಿಡಿ ಮರಳನ್ನು ತೆಗೆದು ಹಿಸುಕಿದ. ಅದು ಉಂಡೆಯಾಯಿತು. “ಇನ್ನೂ ಸಮಯವಿದೆ” ಎಂದಷ್ಟೇ ಹೇಳಿ ಕುಳಿತುಬಿಟ್ಟ. ಮಾತು ಕಡಿಮೆಯ ಮನುಷ್ಯ. ಹಲಗೆ ಉಜ್ಜಿದಾಗ ಹುಟ್ಟುವ ಬಿಸಿಗೆ ಹಿಮ ತೆಳುವಾಗಿ ಕರಗಿ ನೀರಿನ ಪದರವೊಂದು ಜಾರಿಕೆಗೆ ನೆರವಾಗುತ್ತದೆ ಎಂದು ನಾವು ಓದಿದ್ದು ನೆನಪಿದೆಯೇ? ಮರಳಿನಲ್ಲಿ ನೀರು ಶತ್ರು. ತೇವ ಮರಳು ಹಲಗೆಯ ತಳಕ್ಕೆ ಅಂಟಿ ಹಿಡಿದು ನಿಲ್ಲಿಸುತ್ತದೆ. ಒಣ ಮರಳೂ ತಳವನ್ನು ಉಜ್ಜಿ ಸವೆಸುವುದರಿಂದ ಈ ಹಲಗೆಗಳ ತಳ ಹಿಮದ ಹಲಗೆಗಳಿಗಿಂತ ಗಟ್ಟಿಯಾಗಿರುತ್ತದೆ, ಮತ್ತು ಪ್ರತಿ ಇಳಿತಕ್ಕೂ ಮುನ್ನ ಅದಕ್ಕೆ ಮೇಣ ಉಜ್ಜಬೇಕಾಗುತ್ತದೆ. ಬಿಸಿಲು ಏರಿದ ಮೇಲೆ ಅವನು ಮತ್ತೆ ಮರಳು ಹಿಡಿದಾಗ ಅದು ಬೆರಳ ಸಂದಿಯಿಂದ ನೀರಿನಂತೆ ಸೋರಿತು.

ಏರುವ ದಾರಿಯನ್ನು ಅವನು ಆರಿಸಿದ ಬಗೆಯೇ ನನಗೆ ಆ ದಿನದ ನಿಜವಾದ ಪಾಠವಾಯಿತು. ದಿಬ್ಬಕ್ಕೆ ಎರಡು ಮೈಗಳಿರುತ್ತವೆ: ಗಾಳಿಗೆ ಮುಖ ಮಾಡಿದ ಬದಿ ಇಳಿಜಾರು ಕಡಿಮೆಯಾಗಿ, ಮರಳು ಅದುಮಿ ಗಟ್ಟಿಯಾಗಿರುತ್ತದೆ, ಗಾಳಿಮರೆಯ ಬದಿಯಲ್ಲಿ ಸಡಿಲ ಮರಳು ಸುಮಾರು 34 ಡಿಗ್ರಿಯ ಕೋನದಲ್ಲಿ ನಿಂತಿರುತ್ತದೆ, ಅದಕ್ಕಿಂತ ಕಡಿದಾದರೆ ತಾನಾಗಿಯೇ ಕುಸಿಯುತ್ತದೆ. ಮೊದಲನೆಯದರ ಮೇಲೆ ಹತ್ತಿ ಎರಡನೆಯದರಿಂದ ಇಳಿಯಬೇಕು. ಗಾಳಿಮರೆಯ ಕಡೆಯಿಂದಲೇ ಹತ್ತಹೊರಟ ಕೆಲವರು ನಮ್ಮ ಕಣ್ಣೆದುರೇ ಇಟ್ಟ ಹೆಜ್ಜೆಯ ಅರ್ಧದಷ್ಟು ಕೆಳಜಾರುತ್ತಾ ಸುಸ್ತಾಗುತ್ತಿದ್ದರು.

ಇಳಿಯುವಾಗ ಮಂಡಿ ಬಗ್ಗಿಸಿ, ಭಾರವನ್ನು ತುಸು ಹಿಂಗಾಲಿನ ಮೇಲೆ ಹಾಕಿ, ಹಲಗೆಯ ಮೂತಿ ಮರಳಿಗೆ ಹೂಳದಂತೆ ನೋಡಿಕೊಳ್ಳಬೇಕು. ಹಿಮದಲ್ಲಿರುವಂತೆ ಅಂಚನ್ನು ಬಲವಾಗಿ ಊರಿದರೆ ವೇಗವೇ ಸತ್ತುಹೋಗುತ್ತದೆ. ಬಿದ್ದರೆ ಸಾಮಾನ್ಯವಾಗಿ ಹೆಚ್ಚು ನೋವಾಗದು, ಆದರೆ ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಮಧ್ಯಾಹ್ನ ದಿಬ್ಬದ ನೆತ್ತಿಯಿಂದ ಅವನು ಕಡಲ ಕಡೆಯ ಹಸಿರನ್ನು ತೋರಿಸಿದ. ಹಾರುವ ಮರಳನ್ನು ತಡೆಯಲೆಂದು 20ನೆಯ ಶತಮಾನದಲ್ಲಿ ನೆಟ್ಟ ಯೂರೋಪಿನ ಹುಲ್ಲು ಅದು. ತೀರದುದ್ದಕ್ಕೂ ಅದೇ ಒಂದು ದಂಡೆ ಕಟ್ಟಿ, ಒಳಗಿನ ದಿಬ್ಬಗಳಿಗೆ ಹೊಸ ಮರಳು ಬಾರದಂತೆ ಮಾಡಿದೆ. ಆ ದಂಡೆಯ ಹಿಂಬದಿಯಲ್ಲಿ ಪೊದೆ, ಮರಗಳು ಬೆಳೆಯುತ್ತಿವೆ. ಬಯಲು ಮರಳಿನಲ್ಲಿ ಮೊಟ್ಟೆಯಿಡುವ ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿಗೂ ಇದರಿಂದ ನೆಲೆ ತಪ್ಪಿದೆ. ಅದರ ಗೂಡುಗಳಿರುವ ತೀರಗಳಲ್ಲಿ ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ ಒಣ ಮರಳಿನ ಮೇಲೆ ಕಾಲಿಡುವುದಕ್ಕೆ ನಿರ್ಬಂಧವಿದೆ. ಮರಳು ನಿಲ್ಲಲಿ ಎಂದು ಹುಲ್ಲು ನೆಟ್ಟ ಜಾಗದಲ್ಲೇ ಈಗ ಮರಳು ಚಲಿಸಲಿ ಎಂದು ಅದನ್ನು ಕೀಳುತ್ತಿರುವುದು ನನಗೆ ವಿಚಿತ್ರವೆನಿಸಿತು; ಅವನಿಗೆ ಹಾಗೇನೂ ಅನಿಸಿದಂತಿರಲಿಲ್ಲ.

ಮಳೆಗಾಲ ಹಿಡಿಯುವ ಮುನ್ನ ಹುಲ್ಲು ಕೀಳುವ ಸ್ವಯಂಸೇವಕರೊಡನೆ ಹೋಗೋಣವೆಂದು ಇಬ್ಬರೂ ಒಪ್ಪಿದ್ದೇವೆ. ಬೇರು ಆಳಕ್ಕಿಳಿದಿರುವುದರಿಂದ ಕೈಯಿಂದ ಕಿತ್ತರೆ ಸಾಲದು, ಗುದ್ದಲಿಯೂ ಬೇಕಂತೆ. ಹೋಗಿಬಂದ ಮೇಲೆ ಬರೆಯುತ್ತೇನೆ.

ನಿನ್ನ ಗೆಳತಿ