ಸೀನ, ಗೋಡೆಗೆ ನಿನ್ನ ಜಾತಕ ಬೇಡ

ಪ್ರೀತಿಯ ಸೀನ,

ಗೋಡೆ ಬಣ್ಣದ ಶೇಡ್ ಕಾರ್ಡಿನ ಫೋಟೋ ಬಂತು. ಜೊತೆಗೆ ನಿನ್ನ ಮಗಳ ತೀರ್ಪೂ ಬಂತು. ಫೋನಿನಲ್ಲಿದ್ದ ಯಾವುದೋ ಕ್ವಿಜ್‌ನ ಹತ್ತು ಪ್ರಶ್ನೆ ಕೇಳಿ, "ಅಪ್ಪಂದು ನೀಲಿ ಸ್ವಭಾವ" ಅಂದಳಂತೆ. ನೀನೋ, ಅದನ್ನೇ ಹಿಡಿದುಕೊಂಡು ಸಾಗರದ ಮನೆಯ ನಡುಮನೆಗೆ ಪೂರ್ತಿ ನೀಲಿ ಬಳಿಸಲು ಹೊರಟಿದ್ದೀಯ. ಸ್ವಲ್ಪ ತಡಿ ಮಾರಾಯ. ನಾನು ಆ ನೀಲಿಯಲ್ಲಿ ಮುಳುಗಿ ಎದ್ದವನು.

ನಾಚಿಕೆಯಾಗಿ ನಿನಗೆ ಹೇಳಿರಲಿಲ್ಲ. ಮೈಸೂರಿನ ಈ ಮನೆಗೆ ಬಂದಾಗ ಓದುವ ಕೋಣೆಗೆ ನಾನೇ ಬಣ್ಣ ಆರಿಸಿದೆ. ನನ್ನದು ಮಾತು ಕಡಿಮೆ, ಪುಸ್ತಕದ ಹುಳು, ಹಾಗಾಗಿ ನೀಲಿಯೇ ಸರಿ ಅಂತ ಲೆಕ್ಕ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ, ಅಂಚೆಚೀಟಿಯಷ್ಟು ದೊಡ್ಡ ತುಂಡು ನೋಡಿ ಒಪ್ಪಿಕೊಂಡೆ. ಮೆಷಿನ್ನಿನಲ್ಲಿ ಬಣ್ಣ ಬೆರೆಸಿದ ಡಬ್ಬಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಮನೆಗೆ ತಂದು ಎರಡು ಕೋಟು ಬಳಿಸಿದ್ದಾಯಿತು. ನನ್ನವಳು ಬಾಗಿಲಲ್ಲೇ ನಿಂತು ನೋಡಿ, "ಬ್ಯಾಂಕಿನ ಲಾಕರ್ ರೂಮ್ ಇದ್ದ ಹಾಗಿದೆ" ಅಂದಳು. ಹದಿನೈದು ದಿನ ನಾನು ಅದೇ ಚೆನ್ನಾಗಿದೆ ಅಂತ ವಾದ ಮಾಡಿದೆ. ಆಮೇಲೆ ಸುಮ್ನೆ ಪುಸ್ತಕ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಕೂರತೊಡಗಿದೆ. ಎರಡು ವರ್ಷ ಆ ಕೋಣೆ ಬಟ್ಟೆ ಒಣಹಾಕಲು ಬಳಕೆಯಾಯಿತು.

ತಪ್ಪು ನೀಲಿಯದಲ್ಲ. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ನೇರ ಬಿಸಿಲು ಒಳಗೆ ಬರುವುದೇ ಅಪರೂಪ. ಬರುವುದು ಆಕಾಶದ ಬೆಳಕು. ಅದು ಮೊದಲೇ ನೀಲಿ. ಅದರ ಮೇಲೆ ನಾನು ಇನ್ನೊಂದಿಷ್ಟು ನೀಲಿ ಸುರಿದಿದ್ದೆ. ಸಾಲದ್ದಕ್ಕೆ ಬಿಲ್ಡರ್ ಹಾಕಿಹೋದ 6500 ಕೆಲ್ವಿನ್‌ನ ಬೆಳ್ಳಗಿನ ಎಲ್‌ಇಡಿ ಬಲ್ಬು (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ). ಸಂಜೆ ಅಲ್ಲಿ ಕೂತರೆ ಕೈಯ ಚರ್ಮವೂ ಬೂದಿ ಬಡಿದ ಹಾಗೆ ಕಾಣುತ್ತಿತ್ತು. ಬಲ್ಬನ್ನು 3000 ಕೆಲ್ವಿನ್‌ನ ಹಳದಿ ಬೆಳಕಿನದ್ದಕ್ಕೆ ಬದಲಾಯಿಸಿದ ದಿನ ಅರ್ಧ ಕಾಯಿಲೆ ವಾಸಿಯಾಯಿತು. ಡಬ್ಬಿಗೆ ದುಡ್ಡು ಸುರಿಯುವ ಮುಂಚೆ ಬಲ್ಬು ಬದಲಿಸಿ ನೋಡು, ಇದು ನನ್ನ ಮೊದಲ ಮಾತು.

ಈ ಬಣ್ಣದಲ್ಲಿ ಸ್ವಭಾವ ಹುಡುಕುವುದು ಇವತ್ತಿನ ಹುಚ್ಚಲ್ಲ. ಸ್ವಿಟ್ಜರ್‌ಲ್ಯಾಂಡಿನ ಮ್ಯಾಕ್ಸ್ ಲೂಷರ್ 1947ರಲ್ಲೇ ಇಂಥ ಒಂದು ಪರೀಕ್ಷೆ ತಂದಿದ್ದ. ಅದರ ಚಿಕ್ಕ ರೂಪದಲ್ಲಿ ಎಂಟು ಬಣ್ಣದ ಕಾರ್ಡು. ಇಷ್ಟವಾದ ಸಾಲಿನಲ್ಲಿ ಜೋಡಿಸಿದರೆ ನೀನು ಎಂಥವನು ಅಂತ ಹೇಳುತ್ತಿದ್ದರು. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಒಂದು ಸೆರೆಮನೆಯ ಕೋಣೆಗೆ ತಿಳಿ ಗುಲಾಬಿ ಬಳಿದರು. ಕೈದಿಗಳ ಸಿಟ್ಟು ಇಳಿಯಿತು ಅಂತ ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಪರೀಕ್ಷೆ ಮಾಡಿ ನೋಡಿದರೆ ಅಂಥ ಪವಾಡವೇನೂ ಕಾಣಲಿಲ್ಲ. ಸಿಟ್ಟು ಇಳಿಯುವುದು ಇಷ್ಟು ಸುಲಭವಾಗಿದ್ದರೆ ನಮ್ಮ ಗಣಿತದ ಮೇಷ್ಟ್ರ ಕ್ಲಾಸಿಗೆ ನಾವೇ ಚಂದಾ ಎತ್ತಿ ಗುಲಾಬಿ ಬಳಿಸುತ್ತಿದ್ದೆವು, ಅಲ್ವಾ?

ಈಗ ನಿನ್ನ ನಡುಮನೆಗೆ ಬರೋಣ. ಕಣ್ಣು ಮುಚ್ಚಿದರೆ ನನಗೆ ಅದು ಕಾಣುತ್ತದೆ. ಚಿಕ್ಕ ಕಿಟಕಿ, ಇಳಿಬಿದ್ದ ಮಾಡು, ಹೊರಗೆ ಅಡಿಕೆ ತೋಟ. ಮಳೆಗಾಲದಲ್ಲಿ ಹಗಲು ಹನ್ನೆರಡಕ್ಕೂ ದೀಪ ಬೇಕು. ತೋಟದ ಎಲೆ ದಾಟಿ ಬರುವ ಬೆಳಕಿನಲ್ಲಿ ಹಸಿರು ಸೇರಿರುತ್ತದೆ. ಕೆಳಗೆ ನಿಮ್ಮಜ್ಜನ ಕಾಲದ ಕೆಂಪು ಗಾರೆ ನೆಲ. ಆ ನೆಲ ಸುಮ್ಮನೆ ಬಿದ್ದಿರುವುದಿಲ್ಲ. ಬೆಳಕು ಬಿದ್ದರೆ ತನ್ನ ಕೆಂಪನ್ನು ಗೋಡೆಗೂ ಎರಚುತ್ತದೆ. ಅಲ್ಲಿ ನೀಲಿ ಬಳಿದರೆ ಗೋಡೆಯ ಬುಡ ನೇರಳೆ ಛಾಯೆಗೆ ತಿರುಗುತ್ತದೆ, ಮೇಲುಗಡೆ ಮೋಡ ಕವಿದ ಹಾಗಾಗುತ್ತದೆ. ಅಚ್ಚ ಬಿಳಿಯೂ ಬೇಡ. ಕಡಿಮೆ ಬೆಳಕಿನಲ್ಲಿ ಅಚ್ಚ ಬಿಳಿ ಬೂದು ಆಗುತ್ತದೆ. ಚೂರು ಹಳದಿ ಬೆರೆತ ಬಿಳಿ, ಹಾಲಿನ ಕೆನೆಯ ಬಣ್ಣ ಇದೆಯಲ್ಲ, ಅದು ಅಲ್ಲಿ ಬಿಳಿಯ ಹಾಗೇ ಕಾಣುತ್ತದೆ.

ಅಮ್ಮನ ಕಣ್ಣನ್ನೂ ಲೆಕ್ಕಕ್ಕೆ ತಗೊ. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು, "ಈ ಕಣ್ಣಲ್ಲಿ ನೋಡಿದ್ರೆ ಪಂಚೆಗೆ ನೀಲಿ ಹಾಕಿದ ಹಾಗೆ ಕಾಣ್ತದೆ ಮಗಾ" ಅಂದಿದ್ದರು, ನೆನಪಿದೆಯಾ? ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿಯನ್ನು ಸೋಸಿ ತಡೆಯುತ್ತದೆ. ಪೊರೆ ತೆಗೆದ ಕಣ್ಣಿಗೆ ನೀಲಿ ಒಮ್ಮೆಲೇ ವಾಪಸ್ ಬಂದಿತ್ತು. ಇನ್ನೊಂದು ಕಣ್ಣಿಗೆ ನಿನ್ನ ನೀಲಿ ಗೋಡೆ ಮಂಕು ಬೂದು ಅಷ್ಟೆ. ಅವರಿಗೆ ಬೇಕಿರುವುದು ಇಂಥದೇ ಬಣ್ಣ ಅಂತಲ್ಲ, ಬಣ್ಣದ ವ್ಯತ್ಯಾಸ. ಬಾಗಿಲಿನ ದಾರಂದ ಗೋಡೆಗಿಂತ ಗಾಢವಾಗಿರಲಿ. ಹಿತ್ತಲಿಗೆ ಇಳಿಯುವ ಮೆಟ್ಟಿಲಿನ ಅಂಚಿಗೆ ಒಂದು ಬಿಳಿ ಪಟ್ಟೆ ಎಳೆಸು. ಬಚ್ಚಲಿನ ಸ್ವಿಚ್ಚಿನ ಸುತ್ತಲೂ ಬೇರೆ ಬಣ್ಣ ಇದ್ದರೆ ರಾತ್ರಿ ತಡಕಾಡುವುದು ತಪ್ಪುತ್ತದೆ.

ಹಾಗಂತ ಸ್ವಭಾವವೇ ಬೇಡ ಅನ್ನುತ್ತಿಲ್ಲ. ನೋಡಬೇಕಾದ ಸ್ವಭಾವ ಬೇರೆ. ನೀನು ಶಾಂತನೋ ಚಂಚಲನೋ ಅಂತ ಗೋಡೆಗೆ ಯಾಕೆ ಬೇಕು? ಕಲೆ ಕಂಡರೆ ನಿನಗೆ ನಿದ್ದೆ ಕೆಡುತ್ತದಾ? ಎಷ್ಟು ಬೇಗ ಬೇಜಾರಾಗುತ್ತದೆ? ದಿನದ ಯಾವ ಹೊತ್ತಿನಲ್ಲಿ, ಯಾವ ಮೂಲೆಯಲ್ಲಿ ಕೂರುತ್ತೀಯ? ಇಷ್ಟು ಸಾಕು. ನೀನು ಇಪ್ಪತ್ತು ವರ್ಷದಿಂದ ಅದೇ ಸ್ಕೂಟರ್ ಓಡಿಸುವವನು. ನಿನಗೆ ಬೇಜಾರೇ ಆಗುವುದಿಲ್ಲ. ಆದ್ದರಿಂದ ಈಗ ಬಳಿಸಿದ್ದು ಇನ್ನು ಹತ್ತು ವರ್ಷ ಹಾಗೇ ಇರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಜಗಲಿಯ ಗೋಡೆಗೆ ಒರಗಿ ಪೇಪರ್ ಓದುವವನೂ ನೀನೇ. ನಿಮ್ಮಪ್ಪನ ತಲೆಯ ಕಲೆಯ ಪಕ್ಕದಲ್ಲೇ ನಿನ್ನದೂ ಇದೆ. ಎಣ್ಣೆ ಹೀರುವ ಮ್ಯಾಟ್ ಬಣ್ಣವನ್ನು ಅಲ್ಲಿಗೆ ಬಳಿಸಬೇಡ. ಸ್ವಲ್ಪ ಹೊಳಪಿರುವ, ಒರೆಸಿದರೆ ಹೋಗುವ ಎಮಲ್ಷನ್ ತಗೊ. ಆದರೆ ಒಂದು ಮಾತು. ಹೊಳಪು ಜಾಸ್ತಿಯಾದಷ್ಟೂ ಗೋಡೆಯ ಉಬ್ಬು ತಗ್ಗು ಎದ್ದು ಕಾಣುತ್ತದೆ. ನಿಮ್ಮ ಗೋಡೆಯಲ್ಲಿ ಅದಕ್ಕೇನೂ ಬರವಿಲ್ಲ.

ನಮ್ಮ ಹಿರಿಯರು ಇದನ್ನೆಲ್ಲ ಕ್ವಿಜ್ ಇಲ್ಲದೇ ಬಗೆಹರಿಸಿದ್ದರು. ಸೊಂಟದ ಮಟ್ಟಕ್ಕೆ ಕೆಮ್ಮಣ್ಣು, ಮೇಲೆ ಸುಣ್ಣ. ಮಕ್ಕಳ ಕೈ, ಕಸಬರಿಗೆ, ಒರಗಿದ ಬೆನ್ನು ಎಲ್ಲ ಕೆಂಪಿನ ಪಾಲಿಗೆ. ಬೆಳಕು ಹರಡುವ ಕೆಲಸ ಬಿಳಿಯ ಪಾಲಿಗೆ. ನಿಮ್ಮ ಕಡೆ ದೀವರ ಸಮುದಾಯದವರ ಮನೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನಾಲ್ಕೇ ಬಣ್ಣ. ಆ ಮಬ್ಬು ಬೆಳಕಿನಲ್ಲೂ ಬಿಳಿ ಗೆರೆ ಎಷ್ಟು ನಿಚ್ಚಳ! ಕತ್ತಲೆ ಕೋಣೆಗೆ ಗಾಢ ಬಣ್ಣ ಕೂಡದು ಅನ್ನುವವರಿಗೆ ಅದನ್ನು ಒಮ್ಮೆ ತೋರಿಸಬೇಕು. ನಿನ್ನ ಜಗಲಿಗೂ ನಾನು ಇದನ್ನೇ ಹೇಳುವುದು, ಕೆಳಗೆ ಇಟ್ಟಿಗೆ ಕೆಂಪು, ಮೇಲೆ ಕೆನೆ. ನೀಲಿ ಬೇಕೇ ಬೇಕು ಅಂದರೆ ಬಾಗಿಲು ಕಿಟಕಿಗೆ ಬಳಿಸು. ಬೇಡ ಅನ್ನಿಸಿದರೆ ಎರಡು ದಿನದಲ್ಲಿ ಬದಲಾಯಿಸಬಹುದು.

ದೀಪಾವಳಿಯೊಳಗೆ ಮುಗಿಸಬೇಕು ಅಂದಿದ್ದೀಯ. ಬೇಡ. ನಿಮ್ಮದು ಜಂಬಿಟ್ಟಿಗೆಯ ಗೋಡೆ, ಮೇಲೆ ಹಳೇ ಸುಣ್ಣದ ಗಾರೆ. ಮಳೆಗಾಲವಿಡೀ ನೀರು ಕುಡಿದಿರುತ್ತದೆ. ಸುಣ್ಣ ಬಳಿದ ಗೋಡೆ ಆ ತೇವವನ್ನು ಮೆಲ್ಲಗೆ ಹೊರಗೆ ಬಿಡುತ್ತಿತ್ತು. ಎಮಲ್ಷನ್, ಅಂದರೆ ಪ್ಲಾಸ್ಟಿಕ್ ಬಣ್ಣ, ಅದನ್ನು ಒಳಗೇ ಕಟ್ಟಿಹಾಕುತ್ತದೆ. ಮುಂದಿನ ಮಳೆಗೆ ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ. ಗೋಡೆಗೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸು. ಮಾರನೇ ದಿನ ಹಾಳೆಯ ಹಿಂದೆ ಹನಿ ಕಂಡರೆ ಕೆಲಸ ಮುಂದಕ್ಕೆ ಹಾಕು. ತೇವ ಬಿಡದ ಹಿಂಬದಿ ಗೋಡೆಗಂತೂ ಸುಣ್ಣವೇ ಇರಲಿ. ಪೇಂಟರ್ ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಬಣ್ಣ ಎಷ್ಟು ಬೇಕು ಅಂತ ನೀನೇ ಅಳೆದು ನೋಡು. ಹನ್ನೆರಡಕ್ಕೆ ಹತ್ತಡಿ ಕೋಣೆ, ಎತ್ತರ ಹತ್ತಡಿ ಅಂದರೆ ನಾಲ್ಕು ಗೋಡೆ ಸೇರಿ 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ 390ರ ಹತ್ತಿರ. ಪುಟ್ಟಿ, ಪ್ರೈಮರ್ ಆದ ಗೋಡೆಗೆ ಲೀಟರಿಗೆ ಎರಡು ಕೋಟಿನಲ್ಲಿ ನೂರು ಚದರಡಿ ಅಂತ ಹಿಡಿದರೂ 4 ಲೀಟರ್ ಡಬ್ಬಿ ಸಾಕು. ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ತರಿಸು. ಅದೇ ಕೋಡ್ ಇದ್ದರೂ ಆಮೇಲೆ ಬೆರೆಸಿದ ಡಬ್ಬಿ ಒಂದು ಕೂದಲೆಳೆ ಬೇರೆಯಾಗಿ ಬರಬಹುದು.

ಅದಕ್ಕೂ ಮೊದಲು ಚಿಕ್ಕ ಸ್ಯಾಂಪಲ್ ಡಬ್ಬಿ ಮೂರು ತಂದು ದೊಡ್ಡ ರಟ್ಟಿಗೆ ಎರಡು ಕೋಟು ಬಳಿ. ಗೋಡೆಗೇ ಬಳಿದು ನೋಡಬೇಡ, ಸುತ್ತಲಿನ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಪೂರ್ತಿ ಒಣಗಿದ ಮೇಲೆ ರಟ್ಟನ್ನು ನಡುಮನೆಯ ನಾಲ್ಕೂ ಕಡೆ ಒರಗಿಸು. ಬೆಳಗಿನ ಕಾಫಿ ಹೊತ್ತಿಗೊಮ್ಮೆ, ಮಧ್ಯಾಹ್ನವೊಮ್ಮೆ, ದೀಪ ಹಾಕಿದ ಮೇಲೊಮ್ಮೆ ನೋಡು. ಅಮ್ಮನಿಗೂ ತೋರಿಸು. ನನಗೆ ಮಾತ್ರ ಫೋಟೋ ಕಳಿಸಬೇಡ. ಫೋನಿನ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ತಿದ್ದಿಬಿಡುತ್ತದೆ. ಡಿಸೆಂಬರಿನಲ್ಲಿ ನಾನೇ ಬರುತ್ತೇನೆ. ರಟ್ಟುಗಳನ್ನು ಇಲಿ ಕಡಿಯದ ಹಾಗೆ ಅಟ್ಟದ ಮೇಲೆ ಇಟ್ಟಿರು.

ನಿನ್ನ,
ಲಾಕರ್ ರೂಮಿನ ಗೆಳೆಯ

ಮರೆತಿದ್ದೆ, ಮಗಳ ಕೋಣೆಗೆ ಅವಳು ಕೇಳಿದ ಬಣ್ಣವನ್ನೇ ಬಳಿಸು, ನೇರಳೆಯಾದರೂ ಸರಿ. ಎರಡು ವರ್ಷಕ್ಕೆ ಅವಳೇ ಬೇರೆ ಕೇಳುತ್ತಾಳೆ. ಆಗ ರೋಲರನ್ನು ಅವಳ ಕೈಗೇ ಕೊಡು.